ಕೈ ತೊಳೆಯುವುದಕ್ಕೂ ಒಂದು ಕೊನೆಯಿರಲಿ

(ತಾಲ್ಲೂಕು ಮಟ್ಟದ ಆರೋಗ್ಯ ಶಿಬಿರವೊಂದರಲ್ಲಿ ಆಶಾ ಹಾಗೂ ಅಂಗನವಾಡಿ ಕಾರ್ಯಕರ್ತೆಯರನ್ನು ಮತ್ತು ಮಹಿಳಾ ಸಂಘಗಳ ಸದಸ್ಯೆಯರನ್ನು ಉದ್ದೇಶಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣದ ಪಾಠ)



೨೦೨೦ನೆಯ ಇಸವಿಯ ಮಾರ್ಚ್ ತಿಂಗಳನ್ನು ನಮ್ಮಲ್ಲಿ ಯಾರೂ ಮರೆತಿರಲಾರರು. ಆ ತಿಂಗಳ ೧೧ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್-೧೯ ರೋಗವನ್ನು ಜಾಗತಿಕ ಮಹಾಮಾರಿಯೆಂದು ಸಾರಿತು. ಮರುದಿನ ನಮ್ಮ ಕಲಬುರಗಿಯ ವೃದ್ಧರೊಬ್ಬರ ಸಾವು ದೇಶದಲ್ಲಿ ಈ ರೋಗದಿಂದ ಸಂಭವಿಸಿದ ಮೊದಲ ಸಾವೆಂದು ಖಚಿತವಾಯಿತು. ೨೫ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಆಗ ನಮ್ಮ ಕೈಯಲ್ಲಿ ಲಸಿಕೆಯಿರಲಿಲ್ಲ, ಖಚಿತವಾದ ಔಷಧವಿರಲಿಲ್ಲ. ಇದ್ದದ್ದು ಮೂರೇ ಮಾತು: ದೂರವಿರಿ, ಮುಖಗವಸು ಧರಿಸಿ, ಕೈ ತೊಳೆಯಿರಿ. ಈ ಮೂರು ಮಾತುಗಳನ್ನು ಮನೆ ಮನೆಗೆ ಮುಟ್ಟಿಸಿದವರು ಇಲ್ಲಿ ಕುಳಿತಿರುವ ನೀವೇ. ಬಿಸಿಲಿನಲ್ಲಿ ನಡೆದು, ಕೆಲವು ಮನೆಗಳಲ್ಲಿ ಬೈಸಿಕೊಂಡು, ನೀವು ಮಾಡಿದ ಆ ಕೆಲಸವನ್ನು ಎಷ್ಟು ಹೊಗಳಿದರೂ ಕಡಿಮೆಯೇ.

೨೦೨೩ರ ಮೇ ೫ರಂದು ವಿಶ್ವ ಆರೋಗ್ಯ ಸಂಸ್ಥೆಯು ಆ ತುರ್ತುಸ್ಥಿತಿ ಮುಗಿಯಿತೆಂದು ಹೇಳಿತು. ಆದರೆ ಕೆಲವು ಮನೆಗಳಲ್ಲಿ ಅದು ಇನ್ನೂ ಮುಗಿದಿಲ್ಲ. ಆ ಮನೆಗಳ ವಿಷಯವನ್ನು ನಿಮ್ಮ ಮುಂದಿಡುವುದಕ್ಕಾಗಿ ನಾನು ಇಂದು ಇಲ್ಲಿ ನಿಂತಿದ್ದೇನೆ. ನಾನು ಮನೋರೋಗ ತಜ್ಞನಲ್ಲ, ಎಂ.ಬಿ.ಬಿ.ಎಸ್. ಓದಿ ಗ್ರಾಮಾಂತರ ಸೇವೆಯಲ್ಲಿರುವ ಸಾಮಾನ್ಯ ವೈದ್ಯ. ಆದ್ದರಿಂದ ಶಾಸ್ತ್ರಕ್ಕೆ ಮೊದಲು, ನಾನೇ ಮಾಡಿದ ಒಂದು ತಪ್ಪನ್ನು ಹೇಳಿ ಪ್ರಾರಂಭಿಸುತ್ತೇನೆ.

ನನ್ನ ತಪ್ಪು

೨೦೨೦ರ ಜೂನ್ ತಿಂಗಳಲ್ಲಿ ಸುಮಾರು ಮೂವತ್ತೆಂಟು ವರ್ಷದ ತಾಯಿಯೊಬ್ಬರು ನಮ್ಮ ಆರೋಗ್ಯ ಕೇಂದ್ರಕ್ಕೆ ಬಂದರು. ಅವರ ಪತಿಗೆ ಊರಿನಲ್ಲಿ ಚಿಕ್ಕ ಕಿರಾಣಿ ಅಂಗಡಿ. ಆಕೆಯ ಎರಡೂ ಕೈಗಳು ಮಣಿಕಟ್ಟಿನವರೆಗೆ ಒಣಗಿ, ಬಿರಿದು, ಬೆರಳ ಸಂದುಗಳಲ್ಲಿ ರಕ್ತ ಒಸರುತ್ತಿತ್ತು. ಸಾಬೂನು ಹೆಚ್ಚಾಗಿ ಚರ್ಮ ಕೆಟ್ಟಿದೆಯೆಂದು ನೋಡಿದ ಕೂಡಲೇ ತಿಳಿಯಿತು. ಮುಲಾಮು ಬರೆದುಕೊಟ್ಟೆ. ಜೊತೆಗೆ ಒಂದು ಮಾತನ್ನೂ ಹೇಳಿದೆ: "ಅಮ್ಮಾ, ನಿಮ್ಮ ಹಾಗೆ ಊರಿನವರೆಲ್ಲ ಎಚ್ಚರಿಕೆಯಿಂದ ಇದ್ದಿದ್ದರೆ ನಮಗೆ ಇಷ್ಟು ಕಷ್ಟವಿರುತ್ತಿರಲಿಲ್ಲ." ಆಕೆ ಏನೋ ಹೇಳಲು ಬಾಯಿ ತೆರೆದು, ಸುಮ್ಮನೆ ಎದ್ದು ಹೋದರು. ಹೊರಗೆ ಸಾಲು ದೊಡ್ಡದಿತ್ತು. ನಾನೂ ತಡೆದು ಕೇಳಲಿಲ್ಲ.

ಎಂಟು ತಿಂಗಳ ಮೇಲೆ, ೨೦೨೧ರ ಫೆಬ್ರವರಿಯಲ್ಲಿ, ಆಕೆಯನ್ನು ಕರೆತಂದವಳು ಹತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮಗಳು. ತಾಯಿ ತಲೆ ತಗ್ಗಿಸಿ ಕುಳಿತಿದ್ದರು; ಹುಡುಗಿಯೇ ಎಲ್ಲವನ್ನೂ ಹೇಳಿದಳು. ತಿಂಗಳಿಗೆ ನಾಲ್ಕು ಬಿಲ್ಲೆ ಸಾಬೂನು ಸಾಕಾಗುತ್ತಿದ್ದ ಮನೆಗೆ ವಾರಕ್ಕೆ ಹತ್ತು ಬಿಲ್ಲೆ ಬೇಕಾಗಿತ್ತು. ಅಪ್ಪ ಅಂಗಡಿಯಿಂದ ಬಂದರೆ ಹಿತ್ತಿಲ ಬಾಗಿಲಿನಿಂದ ಬಂದು, ಸ್ನಾನ ಮಾಡಿಯೇ ಒಳಗೆ ಕಾಲಿಡಬೇಕು. ಅಂಗಡಿಯ ನೋಟುಗಳನ್ನು ಸಾಬೂನಿನ ನೀರಿನಲ್ಲಿ ಅದ್ದಿ ಹಗ್ಗದ ಮೇಲೆ ಒಣಹಾಕಬೇಕು. ಶಾಲೆಯ ಪುಸ್ತಕಗಳು ಜಗಲಿ ದಾಟುವಂತಿಲ್ಲ. ತಾಯಿ ಬಚ್ಚಲುಮನೆಯಿಂದ ಹೊರಬರುವ ವೇಳೆಗೆ ಅಡುಗೆಯ ಹೊತ್ತು ಮೀರಿರುತ್ತದೆ. ಕೊನೆಗೆ ಹುಡುಗಿ ಮೆಲ್ಲಗೆ ಹೇಳಿದಳು: "ತಮ್ಮನಿಗೆ ನಾಲ್ಕು ವರ್ಷ. ಅಮ್ಮ ಅವನನ್ನು ಎತ್ತಿಕೊಂಡು ಮೂರು ತಿಂಗಳಾಯಿತು."

ಆಗ ಆ ತಾಯಿ ಮೊದಲ ಸಲ ತಲೆಯೆತ್ತಿ, "ಡಾಕ್ಟರೇ, ನೀವೇ ಹೇಳಿದಿರಲ್ಲ, ಹೀಗೆಯೇ ಇರಬೇಕೆಂದು" ಎಂದರು.

ಅಂದು ನಾನು ಕೈಗಳನ್ನು ನೋಡಿದ್ದೆ. ಕೈಗಳ ಹಿಂದಿದ್ದ ಮನಸ್ಸನ್ನು ನೋಡಿರಲಿಲ್ಲ. "ದಿನಕ್ಕೆ ಎಷ್ಟು ಸಲ ತೊಳೆಯುತ್ತೀರಿ? ನಿಲ್ಲಿಸಬೇಕೆಂದರೆ ನಿಲ್ಲಿಸಲು ಆಗುತ್ತದೆಯೇ?" ಎಂಬ ಎರಡು ಪ್ರಶ್ನೆಗಳನ್ನು ಕೇಳಿದ್ದರೆ ಆ ಮನೆಯ ಎಂಟು ತಿಂಗಳು ಉಳಿಯುತ್ತಿತ್ತು. ನೀವು ಇಂದು ಇಲ್ಲಿಂದ ಬೇರೇನನ್ನು ಮರೆತರೂ ಈ ಎರಡು ಪ್ರಶ್ನೆಗಳನ್ನು ಮರೆಯಬಾರದು.

ಗೀಳು ಮನೋರೋಗವೆಂದರೇನು?

ಈ ಕಾಯಿಲೆಯನ್ನು ಕನ್ನಡದಲ್ಲಿ ಗೀಳು ಮನೋರೋಗವೆನ್ನುತ್ತಾರೆ. ವೈದ್ಯರು ಚೀಟಿಯಲ್ಲಿ ಒ.ಸಿ.ಡಿ. ಎಂದು ಬರೆಯುತ್ತಾರೆ. ಇದಕ್ಕೆ ಎರಡು ಭಾಗಗಳಿವೆ. ಮೊದಲನೆಯದು ಗೀಳು. ಬೇಡವೆಂದರೂ ಮತ್ತೆ ಮತ್ತೆ ಮನಸ್ಸಿಗೆ ನುಗ್ಗಿ ಬರುವ ಯೋಚನೆ, ಚಿತ್ರ ಅಥವಾ ಅನುಮಾನವೇ ಗೀಳು. "ಕೈಗೆ ಕ್ರಿಮಿ ಅಂಟಿದೆ", "ಬಾಗಿಲಿನ ಚಿಲಕ ಹಾಕಿಲ್ಲ", "ಗ್ಯಾಸಿನ ಒಲೆ ಆರಿಸಿಲ್ಲ" ಎಂಬಂಥವು. ಎರಡನೆಯದು, ಆ ಯೋಚನೆಯಿಂದ ಹುಟ್ಟಿದ ಸಂಕಟವನ್ನು ಕಳೆದುಕೊಳ್ಳಲು ಮಾಡಲೇಬೇಕೆನಿಸುವ ಕ್ರಿಯೆ. ತೊಳೆಯುವುದು, ಮತ್ತೆ ಮತ್ತೆ ಪರೀಕ್ಷಿಸುವುದು, ಎಣಿಸುವುದು, ಸಾಲಾಗಿ ಜೋಡಿಸುವುದು, ಮನಸ್ಸಿನಲ್ಲಿಯೇ ಒಂದು ಮಾತನ್ನು ಇಷ್ಟೇ ಸಲವೆಂದು ಹೇಳಿಕೊಳ್ಳುವುದು, ಇವೆಲ್ಲ ಈ ಗುಂಪಿಗೆ ಸೇರಿದವು. ಕೆಲವರಿಗೆ ದೇವರ ಬಗೆಗೆ ಅಥವಾ ಮನೆಯವರ ಬಗೆಗೆ ಅಸಹ್ಯವಾದ ಯೋಚನೆಗಳು ಬಂದು, ಅವನ್ನು ಯಾರೊಡನೆಯೂ ಹೇಳಿಕೊಳ್ಳಲಾಗದೆ ಒಳಗೊಳಗೇ ಬೇಯುತ್ತಾರೆ.

ಈ ಕಾಯಿಲೆ ಅಪರೂಪದ್ದಲ್ಲ. ಜೀವಮಾನದ ಯಾವುದಾದರೊಂದು ಘಟ್ಟದಲ್ಲಿ ನೂರಕ್ಕೆ ಒಬ್ಬರಿಂದ ಮೂವರನ್ನು ಇದು ಬಾಧಿಸುತ್ತದೆಯೆಂದು ಅನೇಕ ದೇಶಗಳ ಸಮೀಕ್ಷೆಗಳು ತೋರಿಸಿವೆ. ನಮ್ಮ ದೇಶದಲ್ಲಿ ೨೦೧೫-೧೬ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ವಯಸ್ಕರ ಪೈಕಿ ನೂರಕ್ಕೆ ಸುಮಾರು ೦.೮ರಷ್ಟು ಜನರಲ್ಲಿ ಈ ಕಾಯಿಲೆ ಕಂಡುಬಂತು. ಮೂವತ್ತು ಸಾವಿರ ಜನಸಂಖ್ಯೆಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರ ವ್ಯಾಪ್ತಿಯಲ್ಲಿ ವಯಸ್ಕರು ಇಪ್ಪತ್ತು ಸಾವಿರವೆಂದಿಟ್ಟುಕೊಳ್ಳೋಣ. ಆ ಲೆಕ್ಕದಲ್ಲಿ ಸುಮಾರು ೧೬೦ ಜನರಿಗೆ ಈ ತೊಂದರೆ ಇರಬೇಕಾಯಿತು. ನಮ್ಮ ಕೇಂದ್ರದ ಹೊರರೋಗಿಗಳ ದಾಖಲೆಯಲ್ಲಿ ೨೦೨೦ಕ್ಕೆ ಮೊದಲು ಈ ಹೆಸರಿನ ರೋಗಿ ಒಬ್ಬರೂ ಇರಲಿಲ್ಲ. ರೋಗಿಗಳು ಇರಲಿಲ್ಲವೆಂದಲ್ಲ, ಅವರು ಹೇಳಿಕೊಳ್ಳಲಿಲ್ಲ, ನಾವು ಕೇಳಲಿಲ್ಲ.

ಸಾಮಾನ್ಯವಾಗಿ ಇದು ಹದಿಹರೆಯದಲ್ಲಿ ಅಥವಾ ತಾರುಣ್ಯದಲ್ಲಿ ತಲೆದೋರುತ್ತದೆ. ವಂಶದಿಂದ ಬರುವ ಒಲವು, ಮೆದುಳಿನ ಕೆಲವು ಭಾಗಗಳ ನಡುವಣ ಸಂಪರ್ಕದಲ್ಲಿನ ವ್ಯತ್ಯಾಸ, ಜೀವನದ ಒತ್ತಡಗಳು, ಇವೆಲ್ಲ ಸೇರಿ ಇದಕ್ಕೆ ಕಾರಣವಾಗುತ್ತವೆ. ಇದು ದೆವ್ವದ ಕಾಟವಲ್ಲ, ಗ್ರಹಚಾರವಲ್ಲ, ಸೋಮಾರಿತನವಲ್ಲ, ಹುಚ್ಚೂ ಅಲ್ಲ. ಈ ರೋಗಿಗಳಲ್ಲಿ ಬಹುಪಾಲು ಮಂದಿಗೆ ತಾವು ಮಾಡುತ್ತಿರುವುದು ಅತಿಯೆಂಬ ಅರಿವು ಇರುತ್ತದೆ. ಅರಿವಿದ್ದೂ ನಿಲ್ಲಿಸಲಾಗದಿರುವುದೇ ಅವರ ನೋವು.

ಮಡಿಯೇ, ಶುಚಿಯೇ, ಗೀಳೇ?

"ನಮ್ಮ ಅಜ್ಜಿಯೂ ಮಡಿಯೆಂದು ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತಿದ್ದರು, ಅದೂ ಕಾಯಿಲೆಯೇ?" ಎಂದು ನೀವು ಕೇಳಬಹುದು. ಅಲ್ಲ. ಮಡಿಗೆ ಒಂದು ಕ್ರಮವಿದೆ, ಒಂದು ಹೊತ್ತಿದೆ. ಮುಗಿದ ಮೇಲೆ ಅಜ್ಜಿ ನೆಮ್ಮದಿಯಿಂದ ಊಟಕ್ಕೆ ಕೂರುತ್ತಿದ್ದರು. ಶುಚಿತ್ವಕ್ಕೂ ಅಳತೆಯಿದೆ. ಸಾಬೂನು ಹಚ್ಚಿ ಇಪ್ಪತ್ತು ಸೆಕೆಂಡು ಚೆನ್ನಾಗಿ ಉಜ್ಜಿ ತೊಳೆದರೆ ಕೆಲಸ ಮುಗಿಯಿತು. ಗೀಳಿಗೆ ಮಾತ್ರ ಅಳತೆಯಿಲ್ಲ. ಶುಚಿತ್ವದಲ್ಲಿ ಕೊಳೆ ಹೋದಾಗ ಕೈ ನಿಲ್ಲುತ್ತದೆ. ಗೀಳಿನಲ್ಲಿ ಅನುಮಾನ ಹೋದಾಗ ನಿಲ್ಲಬೇಕು, ಅದು ಹೋಗುವುದೇ ಇಲ್ಲ.

ಮನೆ ಭೇಟಿಯ ಸಮಯದಲ್ಲಿ ಈ ಕೆಳಗಿನ ಅಂಶಗಳನ್ನು ಗಮನಿಸಿ:

೧. ಈ ಯೋಚನೆ ಮತ್ತು ಕ್ರಿಯೆಗಳಲ್ಲಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಕಳೆಯುತ್ತಿದೆಯೇ?

೨. ಊಟ, ನಿದ್ರೆ, ಕೆಲಸ, ಮಕ್ಕಳ ಆರೈಕೆ ಇವುಗಳಿಗೆ ಅಡ್ಡಿಯಾಗುತ್ತಿದೆಯೇ?

೩. ನಿಲ್ಲಿಸಲು ಯತ್ನಿಸಿದರೆ ತಡೆಯಲಾರದ ಸಂಕಟವಾಗುತ್ತದೆಯೇ?

೪. ಮನೆಯ ಇತರರೂ ಆ ನಿಯಮಗಳಿಗೆ ಒಳಪಟ್ಟಿದ್ದಾರೆಯೇ?

ಇವುಗಳಲ್ಲಿ ಒಂದಕ್ಕೆ "ಹೌದು" ಎಂಬ ಉತ್ತರ ಬಂದರೂ ಅಂಥವರನ್ನು ವೈದ್ಯರ ಬಳಿಗೆ ಕಳುಹಿಸುವುದು ಒಳ್ಳೆಯದು.

ಮಹಾಮಾರಿ ಮಾಡಿದ್ದೇನು?

ಗೀಳಿನ ರೋಗಿಯೊಬ್ಬರಿಗೆ ಮೊದಲಾದರೆ "ನಿನ್ನ ಭಯಕ್ಕೆ ಆಧಾರವಿಲ್ಲ" ಎಂದು ಮನೆಯವರು ಹೇಳುತ್ತಿದ್ದರು. ೨೦೨೦ರಲ್ಲಿ ಆ ಭಯಕ್ಕೆ ಸರ್ಕಾರದ ಮೊಹರೇ ಬಿದ್ದಂತಾಯಿತು. ದೂರವಾಣಿ ಎತ್ತಿದರೆ ಕೆಮ್ಮಿನ ಸದ್ದು, ಟೆಲಿವಿಷನ್ ಹಾಕಿದರೆ ಸತ್ತವರ ಲೆಕ್ಕ, ಗೋಡೆಯ ಮೇಲೆ ಕೈ ತೊಳೆಯುವ ಚಿತ್ರ. ಆ ದಿನಗಳಲ್ಲಿ ರೋಗ ಹರಡುವ ಬಗೆಯೂ ಪೂರ್ಣವಾಗಿ ತಿಳಿದಿರಲಿಲ್ಲ. ತರಕಾರಿ, ಹಾಲಿನ ಪ್ಯಾಕೆಟ್ಟು, ದಿನಪತ್ರಿಕೆ ಎಲ್ಲದರ ಮೇಲೂ ಅನುಮಾನವಿತ್ತು. ೨೦೨೧ರ ವೇಳೆಗೆ, ಈ ವೈರಾಣು ಮುಖ್ಯವಾಗಿ ಉಸಿರಿನ ಮೂಲಕ, ಗಾಳಿ ಆಡದ ಕೋಣೆಗಳಲ್ಲಿ ಹತ್ತಿರದಿಂದ ಹರಡುತ್ತದೆಂದೂ, ವಸ್ತುಗಳನ್ನು ಮುಟ್ಟುವುದರಿಂದ ಹರಡುವ ಸಂಭವ ಬಹಳ ಕಡಿಮೆಯೆಂದೂ ಸ್ಪಷ್ಟವಾಯಿತು. ವಿಜ್ಞಾನ ತನ್ನ ಮಾತನ್ನು ತಿದ್ದಿಕೊಂಡಿತು. ಆದರೆ ಗೀಳು ತಿದ್ದಿಕೊಳ್ಳಲಿಲ್ಲ. ಏಕೆಂದರೆ ಅದು ಮಾಹಿತಿಯ ಮೇಲೆ ನಿಂತದ್ದಲ್ಲ, ಭಾವನೆಯ ಮೇಲೆ ನಿಂತದ್ದು.

ಹಾಗೆಂದು ಮಹಾಮಾರಿಯು ಎಲ್ಲರನ್ನೂ ಗೀಳಿಗೆ ತಳ್ಳಿತೆಂದು ತಿಳಿಯಬಾರದು. ಬಹುಪಾಲು ಜನ ಭಯ ಇಳಿದಂತೆ ತೊಳೆಯುವುದನ್ನೂ ಇಳಿಸಿದರು. ಕೆಲವರು ಅಗತ್ಯಕ್ಕಿಂತ ಹೆಚ್ಚಾಗಿಯೇ ಇಳಿಸಿದ್ದಾರೆಂಬುದು ನಮ್ಮ ಇನ್ನೊಂದು ಚಿಂತೆ! ನಿಮ್ಹಾನ್ಸ್‌ನಲ್ಲಿ ಮೊದಲಿನಿಂದಲೂ ಚಿಕಿತ್ಸೆ ಪಡೆಯುತ್ತಿದ್ದ ಗೀಳಿನ ರೋಗಿಗಳನ್ನು ೨೦೨೦ರ ಮೊದಲ ತಿಂಗಳುಗಳಲ್ಲಿ ಪರಿಶೀಲಿಸಿದಾಗ, ಕಾಯಿಲೆ ಮರುಕಳಿಸಿದವರ ಪ್ರಮಾಣ ಹಿಂದಿನ ಕಾಲದ ರೋಗಿಗಳಿಗಿಂತ ಹೆಚ್ಚಿರಲಿಲ್ಲ. ಬೇರೆ ಕಡೆಗಳಲ್ಲಿ, ಅದರಲ್ಲೂ ಮಾಲಿನ್ಯದ ಭಯವಿದ್ದವರಲ್ಲಿ, ಲಕ್ಷಣಗಳು ಉಲ್ಬಣಿಸಿದ ವರದಿಗಳೂ ಇವೆ. ಚಿಕಿತ್ಸೆಯಲ್ಲಿದ್ದವರು ಅಂಥ ಕಠಿಣ ಕಾಲವನ್ನೂ ದಾಟಬಲ್ಲರೆಂಬ ಧೈರ್ಯವನ್ನು ನಾವು ಇದರಿಂದ ಪಡೆಯಬಹುದು.

ಭಾವನೆಗಳನ್ನು ನಿರ್ವಹಿಸುವುದು

ಭಯ ಬರುವುದು ತಪ್ಪಲ್ಲ. ಮಹಾಮಾರಿಯ ಕಾಲದಲ್ಲಿ ಭಯವೇ ಇಲ್ಲದವನು ತನಗೂ ನೆರೆಯವರಿಗೂ ಅಪಾಯಕಾರಿ. ಭಯ ಬಂದಾಗ ನಾವು ಏನು ಮಾಡುತ್ತೇವೆ ಎಂಬುದೇ ಮುಖ್ಯ. ಸಾಮಾನ್ಯವಾಗಿ ಜನರು ಮೂರು ದಾರಿಗಳನ್ನು ಹಿಡಿಯುತ್ತಾರೆ. ಮೂರೂ ಗೀಳನ್ನು ಬಲಪಡಿಸುತ್ತವೆ.

ಮೊದಲನೆಯದು, ಯೋಚನೆಯನ್ನು ಅದುಮಿಡುವುದು. ಮದ್ದು ಕುಡಿಯುವಾಗ ಮಂಗನನ್ನು ನೆನೆಯಬಾರದೆಂದು ವೈದ್ಯ ಹೇಳಿದ ಕಥೆ ನಿಮಗೆಲ್ಲ ಗೊತ್ತು. ಮದ್ದಿನ ಬಟ್ಟಲು ಹಿಡಿದಾಗಲೆಲ್ಲ ಮಂಗನೇ ಎದುರಿಗೆ ಬಂದು ನಿಂತಿತು. ೧೯೮೭ರಲ್ಲಿ ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಇದನ್ನೇ ಪ್ರಯೋಗ ಮಾಡಿ ನೋಡಿದರು. ಬಿಳಿಯ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಲಾಯಿತು. ಗಂಟೆ ಮತ್ತೆ ಮತ್ತೆ ಬಾರಿಸಿತು. ಹಾಗೆ ಅದುಮಿಟ್ಟವರಿಗೆ ಅನಂತರ ಆ ಯೋಚನೆ ಇನ್ನೂ ಹೆಚ್ಚಾಗಿ ಬಂತು. ನಮ್ಮ ಹಿರಿಯರ ಕಥೆ ಸುಳ್ಳಲ್ಲ.

ಎರಡನೆಯದು, ಸಂಕಟ ಹುಟ್ಟಿದ ಕೂಡಲೇ ಕ್ರಿಯೆಯಿಂದ ಅದನ್ನು ಕಳೆದುಕೊಳ್ಳುವುದು. ಕೈ ತೊಳೆದ ಕೂಡಲೇ ಹಾಯೆನಿಸುತ್ತದೆ, ನಿಜ. ಆದರೆ "ತೊಳೆದದ್ದರಿಂದಲೇ ನಾನು ಬದುಕಿದೆ" ಎಂಬ ಪಾಠವನ್ನು ಮನಸ್ಸು ಕಲಿಯುತ್ತದೆ. ಮುಂದಿನ ಸಲ ಭಯ ಬೇಗ ಬರುತ್ತದೆ, ಹೆಚ್ಚು ತೊಳೆಯಬೇಕಾಗುತ್ತದೆ. ಬಡ್ಡಿ ತೀರಿಸಲು ಮತ್ತೆ ಸಾಲ ಮಾಡಿದಂತೆ.

ಮೂರನೆಯದು, ಇತರರಿಂದ ಭರವಸೆ ಬೇಡುವುದು. "ನನಗೆ ಏನೂ ಆಗುವುದಿಲ್ಲ ಅಲ್ಲವೇ?" ಎಂದು ದಿನಕ್ಕೆ ಹತ್ತು ಸಲ ಗಂಡನನ್ನೋ ಮಗಳನ್ನೋ ಕೇಳುವುದು, ಮೊಬೈಲಿನಲ್ಲಿ ಮತ್ತೆ ಮತ್ತೆ ಸುದ್ದಿ ಹುಡುಕುವುದು. ಉತ್ತರ ಸಿಕ್ಕ ಐದು ನಿಮಿಷಕ್ಕೆ ಅನುಮಾನ ಮತ್ತೆ ಬಾಗಿಲು ತಟ್ಟುತ್ತದೆ.

ಹಾಗಾದರೆ ಸರಿಯಾದ ದಾರಿ ಯಾವುದು? ಭಾವನೆಯನ್ನು ಹೊಡೆದೋಡಿಸದೆ, ಅದರ ಅಪ್ಪಣೆಯನ್ನೂ ಪಾಲಿಸದೆ, ಅದು ಬಂದು ಹೋಗಲು ಬಿಡುವುದು. ಭಯವೆಂಬುದು ಮೇಲೇರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ನಾವು ಏನೂ ಮಾಡದಿದ್ದರೂ ಇಳಿಯುತ್ತದೆ. ಇಳಿಯಲು ಕೆಲವು ನಿಮಿಷ ಬೇಕಾಗಬಹುದು, ಕೆಲವೊಮ್ಮೆ ಒಂದು ಗಂಟೆಯೂ ಬೇಕಾಗಬಹುದು. ಇಳಿಯುವುದನ್ನು ಒಮ್ಮೆ ಕಂಡವರಿಗೆ ಮುಂದಿನ ಸಲ ಸ್ವಲ್ಪ ಸುಲಭವಾಗುತ್ತದೆ. ಇದಕ್ಕೆ ನೆರವಾಗುವ ಕೆಲವು ಅಭ್ಯಾಸಗಳಿವೆ:

೧. ಭಾವನೆಗೆ ಹೆಸರಿಡಿ. "ಕೈ ಕೊಳೆಯಾಗಿದೆ" ಎನ್ನುವ ಬದಲು "ನನಗೆ ಈಗ ಭಯವಾಗಿದೆ, ಇದು ಗೀಳಿನ ಮಾತು" ಎಂದುಕೊಳ್ಳಿ.

೨. ಮುಂದೂಡಿ. ತೊಳೆಯಬೇಕೆನಿಸಿದಾಗ ಮೊದಲು ಐದು ನಿಮಿಷ, ಅನಂತರ ಹತ್ತು, ಅನಂತರ ಅರ್ಧ ಗಂಟೆ ತಡೆಯಿರಿ.

೩. ಆ ಹೊತ್ತಿನಲ್ಲಿ ಕೈಗೆ ಬಂದ ಕೆಲಸವನ್ನು ಮುಂದುವರಿಸಿ. ಅಕ್ಕಿ ಆರಿಸಿ, ಮಗುವಿಗೆ ತಲೆ ಬಾಚಿ. ಭಯ ಹೋಗಲೆಂದು ಕೆಲಸ ಮಾಡಬೇಡಿ. ಭಯವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ.

೪. ಸುದ್ದಿಗೆ ಹೊತ್ತು ಗೊತ್ತುಮಾಡಿ. ದಿನಕ್ಕೆ ಒಮ್ಮೆ, ನಂಬಲರ್ಹ ಮೂಲದಿಂದ ಕೇಳಿದರೆ ಸಾಕು.

೫. ನೂರಕ್ಕೆ ನೂರು ಖಚಿತತೆಯನ್ನು ಬಯಸಬೇಡಿ. ಬಸ್ಸು ಹತ್ತುವಾಗ, ಒಲೆ ಹಚ್ಚುವಾಗ ನಾವು ಅದನ್ನು ಕೇಳುತ್ತೇವೆಯೇ? ಜೀವನವೆಲ್ಲ ಅಷ್ಟಿಷ್ಟು ಅನಿಶ್ಚಯದೊಡನೆಯೇ ಸಾಗುತ್ತದೆ.

ಚಿಕಿತ್ಸೆ

ಕಾಯಿಲೆ ಬಲವಾಗಿದ್ದಾಗ ಈ ಅಭ್ಯಾಸಗಳಷ್ಟೇ ಸಾಲವು. ೧೯೬೬ರಲ್ಲಿ ಲಂಡನ್ನಿನ ಮನೋವಿಜ್ಞಾನಿ ವಿಕ್ಟರ್ ಮೇಯರ್ ಅವರು ಇಬ್ಬರು ರೋಗಿಗಳಲ್ಲಿ ಒಂದು ಹೊಸ ಕ್ರಮವನ್ನು ಪ್ರಯೋಗಿಸಿದ ವರದಿ ಪ್ರಕಟಿಸಿದರು. ರೋಗಿಯು ಭಯಪಡುವ ವಸ್ತುವನ್ನು ಮುಟ್ಟಿಸಿ, ಅನಂತರ ತೊಳೆಯದಂತೆ ತಡೆಯುವುದೇ ಆ ಕ್ರಮ. ಇಂದು ಅದನ್ನು ರೋಗಿಯ ಒಪ್ಪಿಗೆಯಿಂದ, ಮೆಟ್ಟಿಲು ಮೆಟ್ಟಿಲಾಗಿ, ತರಬೇತಿ ಪಡೆದವರ ಮಾರ್ಗದರ್ಶನದಲ್ಲಿ ಮಾಡಿಸಲಾಗುತ್ತದೆ. ಬಲಾತ್ಕಾರದಿಂದ ಮಾಡಿಸತಕ್ಕದ್ದಲ್ಲ.

ಔಷಧಗಳೂ ಇವೆ. ಫ್ಲುಯೊಕ್ಸೆಟಿನ್, ಸೆರ್ಟ್ರಲಿನ್ ಮುಂತಾದವು ಈ ಕಾಯಿಲೆಯಲ್ಲಿ ಉಪಯುಕ್ತವೆಂದು ಸಿದ್ಧವಾಗಿವೆ. ಇವು ನಿದ್ರೆಯ ಮಾತ್ರೆಗಳಲ್ಲ, ಚಟ ಹಿಡಿಸುವುದಿಲ್ಲ. ಆದರೆ ಇವುಗಳ ಗುಣ ತಿಳಿಯಲು ಸರಿಯಾದ ಪ್ರಮಾಣದಲ್ಲಿ ಎಂಟರಿಂದ ಹನ್ನೆರಡು ವಾರ ಬೇಕು. ಎರಡು ವಾರಕ್ಕೇ "ಪ್ರಯೋಜನವಿಲ್ಲ" ಎಂದು ಬಿಡಬಾರದು. ಗುಣ ಕಂಡ ಮೇಲೂ ವೈದ್ಯರು ಹೇಳುವವರೆಗೆ, ಸಾಮಾನ್ಯವಾಗಿ ಒಂದೆರಡು ವರ್ಷ, ಮುಂದುವರಿಸಬೇಕು. ಇದ್ದಕ್ಕಿದ್ದಂತೆ ನಿಲ್ಲಿಸಬಾರದು.

ನಾನು ಹೇಳಿದ ಆ ತಾಯಿಯನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕಳುಹಿಸಿದೆವು. ಔಷಧ ಪ್ರಾರಂಭವಾಯಿತು, ಮೆಟ್ಟಿಲುಗಳ ಪಟ್ಟಿಯೂ ಸಿದ್ಧವಾಯಿತು. ಮೊದಲ ಮೆಟ್ಟಿಲು, ಮಗಳ ಪುಸ್ತಕವನ್ನು ಮುಟ್ಟಿ ಹತ್ತು ನಿಮಿಷ ಕೈ ತೊಳೆಯದೆ ಇರುವುದು. ಮಧ್ಯದ ಮೆಟ್ಟಿಲು, ಒದ್ದೆ ಮಾಡದ ನೋಟನ್ನು ಎಣಿಸುವುದು. ಕೊನೆಯ ಮೆಟ್ಟಿಲು, ಬೀದಿಯಲ್ಲಿ ಆಡಿ ಬಂದ ಮಗನನ್ನು ಹಾಗೆಯೇ ಎತ್ತಿಕೊಳ್ಳುವುದು. ಆದರೆ ಎರಡು ತಿಂಗಳು ಕಳೆಯುವಷ್ಟರಲ್ಲಿ ಎರಡನೆಯ ಅಲೆ ಬಂತು. ೨೦೨೧ರ ಮೇ ತಿಂಗಳಲ್ಲಿ ಆಕೆಯ ಪತಿಗೇ ಕೋವಿಡ್ ತಗುಲಿತು. ಏರಿದ್ದ ಮೆಟ್ಟಿಲುಗಳನ್ನೆಲ್ಲ ಆಕೆ ಇಳಿದುಬಿಟ್ಟರು. ತೊಳೆಯುವುದು ಮತ್ತೆ ಗಂಟೆಗಟ್ಟಲೆ ನಡೆಯಿತು. ಆಗ ನಾವು ದೂರವಾಣಿಯಲ್ಲಿ ಹೇಳಿದ್ದು ಇಷ್ಟೇ: "ಮುಖಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ, ರೋಗಿಯ ಕೋಣೆಯಿಂದ ಬಂದಾಗ ಒಮ್ಮೆ ಕೈ ತೊಳೆಯಿರಿ. ಎರಡನೆಯ ಸಲ ತೊಳೆಯುವುದು ನಮ್ಮ ಸಲಹೆಯಲ್ಲ, ಗೀಳಿನ ಸಲಹೆ." ಆಕೆ ಗಂಡನ ಆರೈಕೆ ಮಾಡಿದರು. ಆತ ಗುಣ ಹೊಂದಿದರು. ಜುಲೈ ತಿಂಗಳಿನಲ್ಲಿ ಆಕೆ ಮತ್ತೆ ಮೊದಲ ಮೆಟ್ಟಿಲಿನಿಂದ ಪ್ರಾರಂಭಿಸಿದರು.

ಮನೆಯವರ ಕರ್ತವ್ಯ

ಮನೆಯವರು ಎರಡು ತಪ್ಪುಗಳನ್ನು ಮಾಡುತ್ತಾರೆ. ಒಂದು, ಬೈಯುವುದು, ಹಂಗಿಸುವುದು, ನಲ್ಲಿ ಮುಚ್ಚಿಬಿಡುವುದು. ಇದರಿಂದ ಅವಮಾನ ಹೆಚ್ಚುತ್ತದೆ. ಕ್ರಿಯೆ ಗುಟ್ಟಾಗಿ ನಡೆಯುತ್ತದೆ. ಇನ್ನೊಂದು, ಕರುಣೆಯಿಂದಲೋ ಜಗಳ ಬೇಡವೆಂದೋ ಆ ನಿಯಮಗಳಿಗೆಲ್ಲ ತಲೆಬಾಗುವುದು. ನೋಟು ತೊಳೆದುಕೊಟ್ಟ ಆ ಪತಿ ಕೆಟ್ಟವರಲ್ಲ, ಪ್ರೀತಿಯಿಂದಲೇ ಮಾಡಿದರು. ಆದರೆ ತೊಳೆದ ಪ್ರತಿ ನೋಟೂ "ಭಯ ನಿಜ" ಎಂದು ಸಾಕ್ಷಿ ಹೇಳಿತು.

ಮಧ್ಯದ ದಾರಿಯೊಂದಿದೆ. ಮೊದಲೇ ಮಾತನಾಡಿಕೊಂಡು, ವೈದ್ಯರ ಸಲಹೆಯಂತೆ, ಒಂದೊಂದಾಗಿ ಆ ಸಹಾಯಗಳನ್ನು ಕಡಿಮೆ ಮಾಡಬೇಕು. ಭರವಸೆ ಕೇಳಿದಾಗ "ನಿನಗೆ ಸಂಕಟವಾಗಿದೆ, ನನಗೆ ತಿಳಿಯುತ್ತದೆ. ಉತ್ತರ ಹೇಳಿದರೆ ನಿನ್ನ ಕಾಯಿಲೆಗೆ ಅನ್ನ ಹಾಕಿದಂತೆ. ಬಾ, ಇಬ್ಬರೂ ಸ್ವಲ್ಪ ಹೊತ್ತು ಕೂರೋಣ" ಎಂದರೆ ಸಾಕು. ಒಂದು ಚಿಕ್ಕ ಗೆಲುವನ್ನೂ ಗಮನಿಸಿ ಮೆಚ್ಚಬೇಕು.

ಬಾಣಂತಿಯರ ವಿಷಯದಲ್ಲಿ ವಿಶೇಷ ಎಚ್ಚರ

ಕುಟುಂಬ ಕಲ್ಯಾಣದ ಕೆಲಸದಲ್ಲಿರುವ ನೀವು ಇದನ್ನು ಗಮನವಿಟ್ಟು ಕೇಳಬೇಕು. ಬಸಿರಿನಲ್ಲಿ ಮತ್ತು ಹೆರಿಗೆಯ ನಂತರ ಗೀಳು ಮೊದಲ ಸಲ ಕಾಣಿಸಿಕೊಳ್ಳಬಹುದು, ಇದ್ದದ್ದು ಹೆಚ್ಚಬಹುದು. ಮಗುವಿಗೆ ಸೋಂಕು ತಗುಲೀತೆಂದು ಎತ್ತಿಕೊಳ್ಳಲು ಹೆದರುವುದು, "ನಾನೇ ಮಗುವನ್ನು ಬೀಳಿಸಿಬಿಟ್ಟರೆ?" ಎಂಬ ಬೇಡದ ಚಿತ್ರ ಕಣ್ಣಮುಂದೆ ಬರುವುದು ಉಂಟು. ಇಂಥ ಯೋಚನೆಗೆ ತಾನೇ ಬೆಚ್ಚಿ, ನಾಚಿ, ಮಗುವನ್ನು ರಕ್ಷಿಸಲು ಹೆಣಗುವ ತಾಯಿ ಕೆಟ್ಟವಳಲ್ಲ. ಆಕೆಗೆ ಬೇಕಾದದ್ದು ಚಿಕಿತ್ಸೆ, ನಿಂದೆಯಲ್ಲ. ಆದರೆ ಬಾಣಂತಿಯು ನಿದ್ರೆಯಿಲ್ಲದೆ ಅಸಂಬದ್ಧವಾಗಿ ಮಾತನಾಡತೊಡಗಿದರೆ, ಇಲ್ಲದ ಧ್ವನಿಗಳು ಕೇಳಿಸುತ್ತವೆಯೆಂದರೆ, ಮಗುವಿಗೆ ಹಾನಿ ಮಾಡುವುದು ಸರಿಯೆಂದು ನಂಬಿದಂತೆ ಕಂಡರೆ, ಅದು ಬೇರೆಯ ಕಾಯಿಲೆ ಮತ್ತು ತುರ್ತುಸ್ಥಿತಿ. ತಾಯಿ ಮಗುವನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆತರಬೇಕು. ಯಾರೇ ಆಗಲಿ "ಬದುಕು ಸಾಕು" ಎಂದರೂ ಹೀಗೆಯೇ ತಡಮಾಡಬಾರದು.

ನಾವು ಹೇಳುವ ರೀತಿಯನ್ನೂ ತಿದ್ದಿಕೊಳ್ಳೋಣ

ಮುಂದೆ ಮತ್ತೊಂದು ಸಾಂಕ್ರಾಮಿಕ ಬರಬಹುದು. ಆಗಲೂ ನಾವು ಕೈ ತೊಳೆಯಿರಿ ಎಂದೇ ಹೇಳುತ್ತೇವೆ, ಹೇಳಬೇಕು. ಅತಿಸಾರ, ಕರುಳಿನ ಸೋಂಕುಗಳನ್ನು ತಡೆಯುವುದರಲ್ಲಿ ಸಾಬೂನಿಗೆ ಸಮನಾದ ಅಗ್ಗದ ಮದ್ದಿಲ್ಲ. ಆದರೆ ಹೇಳುವಾಗ ಆರಂಭದ ಜೊತೆ ಕೊನೆಯನ್ನೂ ಹೇಳೋಣ. ಅಡುಗೆಗೆ ಮತ್ತು ಊಟಕ್ಕೆ ಮೊದಲು, ಶೌಚದ ನಂತರ, ಮಗುವಿನ ಮಲ ತೊಳೆದ ನಂತರ, ಕೆಮ್ಮಿ ಸೀನಿದ ನಂತರ, ರೋಗಿಯ ಆರೈಕೆಗೆ ಮೊದಲು ಮತ್ತು ನಂತರ; ಒಂದು ಸಲ, ಒಟ್ಟು ನಲವತ್ತರಿಂದ ಅರವತ್ತು ಸೆಕೆಂಡು. ಅಲ್ಲಿಗೆ ಮುಗಿಯಿತು. "ಎಷ್ಟು ತೊಳೆದರೂ ಕಡಿಮೆಯೇ" ಎಂಬ ಮಾತನ್ನು ನಮ್ಮ ಬಾಯಿಂದ ತೆಗೆದುಹಾಕೋಣ.

ಸಂದೇಹ ಬಂದವರನ್ನು ನಿಮ್ಮ ಆರೋಗ್ಯ ಕೇಂದ್ರಕ್ಕೆ ಕರೆತನ್ನಿ. ಅಲ್ಲಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರ ಬಳಿಗೆ ಕಳುಹಿಸುವ ವ್ಯವಸ್ಥೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆಗೆಂದೇ ಪ್ರತ್ಯೇಕ ಚಿಕಿತ್ಸಾಲಯವಿದೆ; ಧಾರವಾಡದಲ್ಲಿಯೂ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆಯಿದೆ. ಬರಲಾಗದವರು, ಹೇಳಿಕೊಳ್ಳಲು ನಾಚುವವರು ೧೪೪೧೬ ಸಂಖ್ಯೆಗೆ ಕರೆ ಮಾಡಬಹುದು. ೨೦೨೨ರ ಅಕ್ಟೋಬರ್ ೧೦ರಂದು ಪ್ರಾರಂಭವಾದ ಟೆಲಿ ಮಾನಸ್ ಎಂಬ ಈ ಉಚಿತ ಸೇವೆ ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಕೊನೆಯದಾಗಿ ಆ ತಾಯಿಯ ವಿಷಯ ಹೇಳಿ ಮುಗಿಸುತ್ತೇನೆ. ಆಕೆ ಪೂರ್ಣ ಗುಣವಾಗಿದ್ದಾರೆಂದು ನಾನು ಹೇಳಲಾರೆ. ಈಗ ವಾರಕ್ಕೆ ಹತ್ತು ಬಿಲ್ಲೆ ಸಾಬೂನು ಬೇಕಾಗುವುದಿಲ್ಲ. ನೋಟುಗಳು ಒಣಗಿಯೇ ಪೆಟ್ಟಿಗೆ ಸೇರುತ್ತವೆ. ಹೋದ ಸಲ ಔಷಧಕ್ಕೆ ಬಂದಾಗ ಮಗನ ಕೈ ಹಿಡಿದುಕೊಂಡೇ ಬಂದಿದ್ದರು. ಹೇಗಿದ್ದೀರೆಂದು ಕೇಳಿದೆ. "ಅನುಮಾನ ಈಗಲೂ ಬರುತ್ತದೆ, ಡಾಕ್ಟರೇ. ಬಂದರೆ ಬರಲಿ ಎಂದು ಒಲೆ ಹಚ್ಚುತ್ತೇನೆ" ಎಂದರು. ನಾನು ಇಷ್ಟು ಹೊತ್ತು ಹೇಳಿದ ಮಾತನ್ನು ಅವರು ಒಂದೇ ವಾಕ್ಯದಲ್ಲಿ ಹೇಳಿದ್ದರು.

ನಿಮ್ಮ ವ್ಯಾಪ್ತಿಯ ಮನೆಗಳಲ್ಲಿ ಬಿರಿದ ಕೈಗಳನ್ನು ಕಂಡಾಗ ಮುಲಾಮಿನ ಜೊತೆಗೆ ಆ ಎರಡು ಪ್ರಶ್ನೆಗಳನ್ನೂ ಕೇಳಿ. ನಾನು ಕೇಳದೆ ಬಿಟ್ಟದ್ದನ್ನು ನೀವು ಬಿಡಬೇಡಿ.